ಬಿಸಿಲು ಎಲ್ಲರಿಗೂ ಒಂದೇ ಅನ್ನಬೇಡಿ



ಮಾರ್ಚ್ ತಿಂಗಳು ಮುಗಿಯುವ ಹೊತ್ತಿಗೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆ ನಾಲ್ಕು ಮಾತು ಎಲ್ಲರ ಬಾಯಲ್ಲೂ ಶುರುವಾಗುತ್ತವೆ. "ಬಿಸಲು ಎಲ್ಲಾರಿಗೂ ಒಂದರೀ." "ನಮಗ ರೂಢಿ ಐತಿ ಬಿಡ್ರಿ." "ಬಿಸಲಿಗೆ ಯಾರ ಸತ್ತಾರ?" ಕೊನೆಗೆ, ಯಾರಾದರೂ ಸತ್ತೇಹೋದರೆ, "ದೇವರ ಚಿತ್ತ."

ಈ ನಾಲ್ಕು ಮಾತುಗಳನ್ನೂ ನಾವು ಒಪ್ಪುವುದಿಲ್ಲ. ಕೇಳಲು ಇವು ತಾಳ್ಮೆಯ ಮಾತುಗಳಂತೆ ಇವೆ. ಆದರೆ ಇವೇ ಮಾತುಗಳ ಮರೆಯಲ್ಲಿ ಪ್ರತಿ ಬೇಸಿಗೆಯಲ್ಲಿ ಬಡವರ ಮನೆಯಲ್ಲಿ ಸಾವು ಆಗುತ್ತದೆ, ಯಾರೂ ಅದಕ್ಕೆ ಉತ್ತರ ಕೊಡಬೇಕಾಗಿ ಬರುವುದಿಲ್ಲ. ಒಂದೇ ಬಿಸಿಲು ಒಂದು ದೇಶದಲ್ಲಿ ಹೆಚ್ಚು ಜನರನ್ನು, ಇನ್ನೊಂದರಲ್ಲಿ ಕಡಿಮೆ ಜನರನ್ನು ಯಾಕೆ ಕೊಲ್ಲುತ್ತದೆ ಎಂದು ಕೇಳಿದರೆ ಸೂರ್ಯನ ಕಡೆ ನೋಡಿ ಪ್ರಯೋಜನವಿಲ್ಲ. ತಲೆ ಮೇಲಿನ ಮಾಳಿಗೆ, ಕೊಡದಲ್ಲಿನ ನೀರು, ಕೆಲಸದ ಹೊತ್ತು, ಸರಕಾರದ ಲೆಕ್ಕದ ಪುಸ್ತಕ, ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೋ ಇಲ್ಲವೋ ಎಂಬುದು: ಇವನ್ನು ನೋಡಬೇಕು. ಇವೆಲ್ಲ ಮನುಷ್ಯರ ಕೈಯಲ್ಲಿರುವ ಸಂಗತಿಗಳು.

ಒಂದನೇ ಮಾತು: "ಬಿಸಿಲು ಎಲ್ಲರಿಗೂ ಒಂದೇ"

ಬಿಸಿಲೊಂದೇ ಕೊಲ್ಲುವುದಾಗಿದ್ದರೆ ಅತಿ ಬಿಸಿ ದೇಶಗಳಲ್ಲೇ ಅತಿ ಹೆಚ್ಚು ಸಾವು ಆಗಬೇಕಿತ್ತು, ತಂಪು ದೇಶಗಳಲ್ಲಿ ಯಾರೂ ಸಾಯಬಾರದಿತ್ತು. ಹಾಗಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ತಂಪು ಪ್ರಾಂತ್ಯ. 2021ರ ಜೂನ್ ಕೊನೆಯಲ್ಲಿ ಅಲ್ಲಿನ ಲಿಟ್ಟನ್ ಎಂಬ ಊರಲ್ಲಿ 49.6 ಡಿಗ್ರಿ ದಾಖಲಾಯಿತು. ಆ ಒಂದು ಬಿಸಿಗಾಳಿಗೆ ಪ್ರಾಂತ್ಯದಲ್ಲಿ 619 ಜನ ಸತ್ತರು. ಅವರಲ್ಲಿ ಶೇ. 98 ಜನ ಸತ್ತದ್ದು ಮನೆಯೊಳಗೆ. ಅರ್ಧಕ್ಕಿಂತ ಹೆಚ್ಚು ಜನ ಒಂಟಿಯಾಗಿ ಇದ್ದವರು. ಬಹುಪಾಲು ವಯಸ್ಸಾದವರು, ಮನೆಯಲ್ಲಿ ಎಸಿ ಇಲ್ಲದವರು. ಅಲ್ಲಿ ಮನೆ ಕಟ್ಟಿದ್ದು ಚಳಿಗೆ. ಬಿಸಿಲು ಬಂದಾಗ ಆ ಮನೆಗಳು ಒಲೆಯಾದವು. ಇದಕ್ಕಿಂತ ಬಿಸಿಯಾದ ಕುವೈತ್‌ನಲ್ಲಿ 50 ಡಿಗ್ರಿ ಆದಾಗಲೂ ಎಸಿ ಮನೆಯಿಂದ ಎಸಿ ಕಾರಿಗೆ, ಅಲ್ಲಿಂದ ಎಸಿ ಕಚೇರಿಗೆ ಹೋಗುವವನಿಗೆ ಅದು ಪತ್ರಿಕೆಯ ಸುದ್ದಿ ಮಾತ್ರ. ಅದೇ ಊರಲ್ಲಿ ರಸ್ತೆ ಅಗೆಯಲು ನಮ್ಮ ದೇಶದಿಂದ ಹೋದ ಹುಡುಗನಿಗೆ ಅದು ಜೀವದ ಪ್ರಶ್ನೆ.

2024ರ ಜೂನ್ ತಿಂಗಳಲ್ಲಿ ಮೆಕ್ಕಾದಲ್ಲಿ 51.8 ಡಿಗ್ರಿ ಆಯಿತು. ಹಜ್ ಯಾತ್ರೆಯಲ್ಲಿ 1,301 ಜನ ತೀರಿಕೊಂಡರು ಎಂದು ಸೌದಿ ಸರಕಾರವೇ ಹೇಳಿತು. ಅವರಲ್ಲಿ ಶೇ. 83 ಜನ ಅನುಮತಿ ಪತ್ರ ಇಲ್ಲದೆ ಬಂದ ಯಾತ್ರಿಕರು. ಪತ್ರ ಇದ್ದವರಿಗೆ ತಂಪು ಡೇರೆ, ಬಸ್ಸು. ಇಲ್ಲದವರಿಗೆ ಬಿಸಿಲಲ್ಲಿ ಕಾಲ್ನಡಿಗೆ. ಒಂದೇ ಮೈದಾನ, ಒಂದೇ ಪ್ರಾರ್ಥನೆ, ಒಂದೇ ಸೂರ್ಯ. ಯಾರು ಬದುಕಿ ಮನೆಗೆ ಮರಳಬೇಕು ಎಂಬುದರಲ್ಲಿ ಒಂದು ಕಾಗದಕ್ಕೂ ಪಾಲಿತ್ತು.

ಅಮೆರಿಕದ ಶಿಕಾಗೋ ನಗರದಲ್ಲಿ 1995ರ ಜುಲೈನಲ್ಲಿ ಬಿಸಿಗಾಳಿಗೆ 739 ಜನ ಸತ್ತರು. ಅಲ್ಲಿ ನಾರ್ತ್ ಲಾನ್‌ಡೇಲ್, ಸೌತ್ ಲಾನ್‌ಡೇಲ್ ಎಂಬ ಎರಡು ಬಡಾವಣೆಗಳು ಅಕ್ಕಪಕ್ಕ ಇವೆ. ಎರಡರಲ್ಲೂ ಬಡವರು, ಒಂಟಿ ಮುದುಕರು ಹೆಚ್ಚು. ಆದರೂ ಮೊದಲನೆಯದರಲ್ಲಿ ಸಾವಿನ ಪ್ರಮಾಣ ಎರಡನೆಯದಕ್ಕಿಂತ ಸುಮಾರು ಹತ್ತು ಪಟ್ಟು. ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ ಇದರ ಬೆನ್ನು ಹತ್ತಿ ಹೋಗಿ ನೋಡಿದ. ಸಾವು ಕಡಿಮೆ ಇದ್ದ ಕಡೆ ಬೀದಿಯಲ್ಲಿ ಅಂಗಡಿ ತೆರೆದಿದ್ದವು, ಜನ ಓಡಾಡುತ್ತಿದ್ದರು, ಚರ್ಚುಗಳು ಮುದುಕರ ಜೊತೆ ಸಂಪರ್ಕದಲ್ಲಿದ್ದವು. ಸಾವು ಹೆಚ್ಚಿದ್ದ ಕಡೆ ಅಂಗಡಿ ಮುಚ್ಚಿ, ಕಾರ್ಖಾನೆ ಹೋಗಿ, ಹೆದರಿದ ಮುದುಕರು ಕಿಟಕಿ ಹಾಕಿಕೊಂಡು ಒಳಗೇ ಉಳಿದಿದ್ದರು.

ಬಿಸಿಲು ದೇಹದಲ್ಲಿ ಏನು ಮಾಡುತ್ತದೆ ಎಂದು ತಿಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಮೈಯ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಹೊರಗೆ ಅದಕ್ಕಿಂತ ಬಿಸಿಯಾದಾಗ ಮೈ ತಂಪಾಗಲು ಇರುವ ದಾರಿ ಒಂದೇ: ಬೆವರು ಆರುವುದು. ಬೆವರಲು ನೀರು ಬೇಕು, ಬೆವರು ಆರಲು ಗಾಳಿ ಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಇಳಿಯುತ್ತದೆ, ಆರುವುದಿಲ್ಲ. ಒಳಗಿನ ಉಷ್ಣತೆ 40 ದಾಟಿದರೆ ಮಿದುಳು, ಕಿಡ್ನಿ, ಹೃದಯ ಒಂದೊಂದಾಗಿ ಸೋಲುತ್ತವೆ. ಹಗಲಿನ ಪೆಟ್ಟನ್ನು ಮೈ ರಾತ್ರಿ ಸರಿಮಾಡಿಕೊಳ್ಳಬೇಕು. ರಾತ್ರಿಯೂ ತಂಪಾಗದಿದ್ದರೆ ಮರುದಿನ ಅದೇ ದಣಿದ ಹೃದಯ ಮತ್ತೆ ಬಿಸಿಲಿಗೆ ಹೋಗುತ್ತದೆ. ಮೂರನೇ ದಿನ, ನಾಲ್ಕನೇ ದಿನ ಸಾವು ಏರುವುದು ಹೀಗೆ.

ಈಗ ನಮ್ಮ ಊರಿಗೆ ಬನ್ನಿ. ಸೊಲ್ಲಾಪುರದಲ್ಲಿ ಪತ್ರಾದ ಮನೆ ಎಷ್ಟಿವೆ ಎಂದು ನಿಮಗೇ ಗೊತ್ತು. ಹೊರಗೆ 43 ಇದ್ದಾಗ ಪತ್ರಾದ ಕೆಳಗೆ ಅದಕ್ಕಿಂತ ಹೆಚ್ಚು ಇರುತ್ತದೆ. ಆ ಮನೆಯಲ್ಲೇ ನಮ್ಮ ಅವ್ವಂದಿರು, ಅಕ್ಕಂದಿರು ಬೆಳಿಗ್ಗೆಯಿಂದ ಸಂಜೆತನಕ ಬೀಡಿ ಕಟ್ಟುತ್ತಾರೆ. ಸಾವಿರ ಬೀಡಿಗೆ ಇಂತಿಷ್ಟು ಎಂದು ಕೂಲಿ. ಕೈ ನಿಂತರೆ ಕೂಲಿಯೂ ನಿಂತಿತು. ಫ್ಯಾನ್ ಜೋರಾಗಿ ಹಾಕಿದರೆ ತಂಬಾಕಿನ ಪುಡಿ ಹಾರುತ್ತದೆ, ಎಲೆ ಒಣಗಿ ಒಡೆಯುತ್ತದೆ. ಹಾಗಾಗಿ ಫ್ಯಾನ್ ಇದ್ದ ಮನೆಯಲ್ಲೂ ಗಾಳಿ ಇಲ್ಲ.

ಇನ್ನು ಪವರ್‌ಲೂಮ್ ಶೆಡ್ಡು. ಸೊಲ್ಲಾಪುರಿ ಚಾದರ, ಟಾವೆಲ್ ಜಗತ್ತಿಗೆಲ್ಲ ಹೋಗುತ್ತವೆ. ಹತ್ತಿಯ ನೂಲು ಒಣಗಾಳಿಗೆ ತುಂಡಾಗುತ್ತದೆ, ಅದಕ್ಕೆ ತೇವ ಬೇಕು. ನೂಲಿಗೆ ಹಿತವಾದ ಆ ತೇವ ನೇಕಾರನ ಬೆವರನ್ನು ಆರಲು ಬಿಡುವುದಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಶೆಡ್ಡಿನಲ್ಲಿ ಮಗ್ಗದ ಶಾಖವೂ ಸೇರುತ್ತದೆ. 2025ರ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 13ನೇ ಕಲಮು ಕೆಲಸದ ಜಾಗದಲ್ಲಿ ಗಾಳಿ ಆಡಬೇಕು, ಉಷ್ಣತೆ ಸಹಿಸುವಂತಿರಬೇಕು ಎನ್ನುತ್ತಿತ್ತು. ಆದರೆ ನಾಲ್ಕಾರು ಜನ ಕೆಲಸ ಮಾಡುವ ಸಣ್ಣ ಶೆಡ್ಡು ಆ ಕಾಯ್ದೆಯ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮನೆಯಲ್ಲಿ ಕೂತು ಬೀಡಿ ಕಟ್ಟುವವಳ ಪಡಸಾಲೆಯ ಉಷ್ಣತೆಯನ್ನು ಯಾವ ಇನ್‌ಸ್ಪೆಕ್ಟರು ಅಳೆಯುತ್ತಾನೆ?

ನೀರಿನ ಮಾತು ಹೇಳಲೇಬೇಕು. ಭೀಮಾ ನದಿಯ ಉಜನಿ ಅಣೆಕಟ್ಟು ನಮ್ಮ ಜಿಲ್ಲೆಯಲ್ಲೇ ಇದೆ. 117 ಟಿಎಂಸಿ ಹಿಡಿಯುವ ಅಣೆಕಟ್ಟು. ಜಿಲ್ಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ, ಅವಕ್ಕೆ ಬೇಕಾದ ಕಬ್ಬು ನೀರು ಕುಡಿದು ನಿಂತಿದೆ. ನಗರದ ಗಲ್ಲಿಗಳಲ್ಲಿ ಮಾತ್ರ ನಳಕ್ಕೆ ನೀರು ನಾಲ್ಕೈದು ದಿನಕ್ಕೊಮ್ಮೆ. ದೊಡ್ಡ ಟ್ಯಾಂಕು, ಬೋರ್‌ವೆಲ್ ಇದ್ದ ಮನೆಗೆ ಇದು ತಿಳಿಯುವುದೇ ಇಲ್ಲ. ಎರಡು ಬ್ಯಾರಲ್ ಇರುವ ಮನೆಯಲ್ಲಿ ನಾಲ್ಕನೇ ದಿನ ನೆಲಕ್ಕೆ ನೀರು ಚಿಮುಕಿಸುವುದು ಹೋಗಲಿ, ಕುಡಿಯಲೂ ಲೆಕ್ಕ ಹಾಕಬೇಕು. ಶೌಚಾಲಯ ದೂರ ಇರುವ ಕಡೆ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಿಸಿಲಲ್ಲಿ ಅದಕ್ಕಿಂತ ಅಪಾಯ ಬೇರೊಂದಿಲ್ಲ.

ಕರೆಂಟೂ ಹಾಗೇ. ಎನ್‌ಟಿಪಿಸಿಯ 1,320 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ನಮ್ಮ ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲೇ ಇದೆ. ಅದರ ಚಿಮಣಿ ಕಾಣುವ ಹಳ್ಳಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋದರೆ ಬಾಣಂತಿ, ಕೂಸು, ಮುದುಕರು ಬೇವಿನ ಮರ ಹುಡುಕಬೇಕು. ಭಾರತದಲ್ಲಿ ಎಸಿ ಇರುವುದು ಸುಮಾರು ಹತ್ತು ಮನೆಗೆ ಒಂದು. ಅಮೆರಿಕದಲ್ಲಿ ಹತ್ತಕ್ಕೆ ಒಂಬತ್ತು. ಭೂಮಿಯನ್ನು ಬಿಸಿ ಮಾಡುವ ಇಂಗಾಲವನ್ನು ಸರಾಸರಿ ಅಮೆರಿಕನ್ ವರ್ಷಕ್ಕೆ ಸುಮಾರು 14 ಟನ್ ಬಿಡುತ್ತಾನೆ, ಭಾರತೀಯ ಸುಮಾರು 2 ಟನ್. ಬೀಡಿ ಕಟ್ಟುವ ತಾಯಿ ಅದರಲ್ಲೂ ಎಷ್ಟು ಬಿಟ್ಟಾಳು? ಬೆಂಕಿ ಹಚ್ಚಿದವರು ತಂಪಾಗಿದ್ದಾರೆ, ಏನೂ ಮಾಡದವರು ಬೇಯುತ್ತಿದ್ದಾರೆ. ಇದನ್ನು "ಎಲ್ಲರಿಗೂ ಒಂದೇ" ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಎರಡನೇ ಮಾತು: "ನಮಗ ರೂಢಿ ಐತಿ"

ರೂಢಿ ಎಂಬುದರಲ್ಲಿ ಸ್ವಲ್ಪ ಸತ್ಯ ಇದೆ. ಬಿಸಿಲು ನಾಡಿನ ಮೈ ತಂಪು ನಾಡಿನ ಮೈಗಿಂತ ಬೇಗ ಬೆವರುತ್ತದೆ, ಹೊಂದಿಕೊಳ್ಳುತ್ತದೆ. ನಮ್ಮ ಹಿರಿಯರು ಜೋಳದ ಅಂಬಲಿ, ಮಜ್ಜಿಗೆ, ಉಳ್ಳಾಗಡ್ಡಿ, ತಲೆಗೆ ರುಮಾಲು, ಮಣ್ಣಿನ ಮಾಳಿಗೆ, ದಪ್ಪ ಗೋಡೆ ಇಟ್ಟುಕೊಂಡು ಬಾಳಿದರು. ಮಧ್ಯಾಹ್ನ ಹೊಲದ ಕೆಲಸ ನಿಲ್ಲಿಸುತ್ತಿದ್ದರು. ಆ ರೂಢಿಯಲ್ಲಿ ಮನೆ ಮತ್ತು ಹೊತ್ತು ಎರಡೂ ಸೇರಿದ್ದವು. ಈಗ ಮಣ್ಣಿನ ಮಾಳಿಗೆ ಹೋಗಿ ಪತ್ರಾ ಬಂತು, ದಪ್ಪ ಗೋಡೆ ಹೋಗಿ ನಾಲ್ಕಿಂಚಿನ ಗೋಡೆ ಬಂತು, ಬೆಳಗಿನ ಕೆಲಸ ಹೋಗಿ ಗುತ್ತಿಗೆದಾರನ ಗಡಿಯಾರ ಬಂತು. ಹಿರಿಯರನ್ನು ಕಾಪಾಡಿದ್ದನ್ನೆಲ್ಲ ಕಳೆದುಕೊಂಡು "ರೂಢಿ ಐತಿ" ಎಂಬ ಮಾತನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಮೈಗೆ ಒಂದು ಮಿತಿ ಇದೆ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇದ್ದವರಿಗೆ ಆ ಮಿತಿ ಇನ್ನೂ ಕಡಿಮೆ. ವಯಸ್ಸಾದವರಿಗೆ ನೀರಡಿಕೆ ತಿಳಿಯುವುದೇ ಕಡಿಮೆಯಾಗುತ್ತದೆ. 2023ರ ಏಪ್ರಿಲ್ 16ರಂದು ನಮ್ಮದೇ ರಾಜ್ಯದ ನವಿ ಮುಂಬೈಯ ಖಾರ್ಘರ್‌ನಲ್ಲಿ 'ಮಹಾರಾಷ್ಟ್ರ ಭೂಷಣ' ಪ್ರಶಸ್ತಿ ಸಮಾರಂಭ ನಡೆಯಿತು. ಲಕ್ಷಾಂತರ ಜನ ಬಯಲಲ್ಲಿ ಕೂತಿದ್ದರು. ಅಂದಿನ ಉಷ್ಣತೆ ನಮ್ಮ ಏಪ್ರಿಲ್‌ಗೆ ಹೋಲಿಸಿದರೆ ಹೆಚ್ಚೇನಲ್ಲ, 38 ಡಿಗ್ರಿ ಆಸುಪಾಸು. ಸಮುದ್ರದ ತೇವ, ನೆರಳಿಲ್ಲದ ಮೈದಾನ, ತಾಸುಗಟ್ಟಲೆ ಕಾಯುವಿಕೆ ಸೇರಿದವು. ಒಂದು ಡಜನ್‌ಗೂ ಹೆಚ್ಚು ಜನ ಪ್ರಾಣ ಬಿಟ್ಟರು. ವೇದಿಕೆಗೆ ಚಪ್ಪರ ಇತ್ತು, ಜನರ ತಲೆ ಮೇಲೆ ಏನೂ ಇರಲಿಲ್ಲ. ಅವರಲ್ಲೂ ಎಷ್ಟೋ ಜನ ಬಿಸಿಲಿನ ರೂಢಿ ಇದ್ದವರೇ.

ಈ ರೂಢಿಯ ಮಾತು ಸರಕಾರದ ವ್ಯಾಖ್ಯೆಯೊಳಗೂ ಕೂತಿದೆ. ಹವಾಮಾನ ಇಲಾಖೆಯ ನಿಯಮದಂತೆ ಬಯಲು ಸೀಮೆಯಲ್ಲಿ ಉಷ್ಣ ಅಲೆ ಎನ್ನಲು ಉಷ್ಣತೆ ಕನಿಷ್ಠ 40 ಆಗಬೇಕು, ಜೊತೆಗೆ ಆ ಕಾಲದ ಸಾಮಾನ್ಯ ಮಟ್ಟಕ್ಕಿಂತ 4.5 ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ಮೇ ತಿಂಗಳಲ್ಲಿ ಸೊಲ್ಲಾಪುರದ ಸಾಮಾನ್ಯವೇ 40ರ ಆಸುಪಾಸು. ಅಂದರೆ 43 ಡಿಗ್ರಿ ವಾರಗಟ್ಟಲೆ ಸುಟ್ಟರೂ ಕಾಗದದ ಮೇಲೆ ಅದು ಉಷ್ಣ ಅಲೆ ಆಗದೆ ಇರಬಹುದು. ಸದಾ ಸುಡುವ ಊರಿಗೆ ಎಚ್ಚರಿಕೆಯ ಗಂಟೆಯೇ ತಡವಾಗಿ ಬಾರಿಸುತ್ತದೆ.

ಮೂರನೇ ಮಾತು: "ಬಿಸಿಲಿಗೆ ಯಾರ ಸತ್ತಾರ?"

ಇದು ಎಲ್ಲಕ್ಕಿಂತ ಅಪಾಯದ ಮಾತು, ಯಾಕೆಂದರೆ ಇದಕ್ಕೆ ಸರಕಾರಿ ದಾಖಲೆಯ ಬೆಂಬಲ ಇದೆ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಲ್ಲಿ 2022ರಲ್ಲಿ ಇಡೀ ಭಾರತದಲ್ಲಿ ಬಿಸಿಲ ಹೊಡೆತಕ್ಕೆ ಸತ್ತವರು 730. ಅದೇ 2022ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಬಿಸಿಲಿಗೆ ಸುಮಾರು 61,000 ಜನ ಸತ್ತರು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಹಾಗಾದರೆ ಯುರೋಪ್ ನಮಗಿಂತ ಸುಡುವ ನಾಡೇ? ಎರಡೂ ಕಡೆ ಲೆಕ್ಕ ಹಾಕುವ ರೀತಿಯೇ ಬೇರೆ. ಅಲ್ಲಿ ವಾರವಾರ ಎಷ್ಟು ಜನ ಸತ್ತರು ಎಂಬ ಪಟ್ಟಿ ಇದೆ. ಬಿಸಿಲಿನ ವಾರಗಳಲ್ಲಿ ಎಂದಿಗಿಂತ ಎಷ್ಟು ಹೆಚ್ಚಾಯಿತು ಎಂದು ನೋಡುತ್ತಾರೆ. ನಮ್ಮಲ್ಲಿ ಬಯಲಲ್ಲಿ ಬಿದ್ದು, ಪೊಲೀಸ್ ಪಂಚನಾಮೆ ಆಗಿ, ಕಾಗದದಲ್ಲಿ "ಬಿಸಿಲ ಹೊಡೆತ" ಎಂದು ಬರೆದರೆ ಮಾತ್ರ ಒಂದು ಅಂಕಿ. ಪತ್ರಾದ ಮನೆಯಲ್ಲಿ ಮಧ್ಯಾಹ್ನ ಮಲಗಿದ ಅಜ್ಜಿ ಏಳದಿದ್ದರೆ "ಹಾರ್ಟ್ ಫೇಲ್" ಅಥವಾ "ವಯಸ್ಸಾಗಿತ್ತು". 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲೊಂದರಲ್ಲಿ ಬಂದ ಜಾಗತಿಕ ಅಧ್ಯಯನ ಭಾರತದಲ್ಲಿ ಬಿಸಿಲಿಗೆ ಸಂಬಂಧಿಸಿದ ಹೆಚ್ಚುವರಿ ಸಾವು ವರ್ಷಕ್ಕೆ ಸುಮಾರು 83,700 ಎಂದು ಅಂದಾಜು ಮಾಡಿತು. ಒಂದು ಕಡೆ 730, ಇನ್ನೊಂದು ಕಡೆ 83,700. ನಡುವಿನ ಅಂತರದಲ್ಲಿ ಇರುವವರು ಲೆಕ್ಕಕ್ಕೆ ಬಾರದ ನಮ್ಮಂಥ ಮನೆಗಳ ಜನ.

ಲೆಕ್ಕವೇ ಇಲ್ಲದ ಸಾವಿಗೆ ಪರಿಹಾರವೂ ಇಲ್ಲ. 2021ರಿಂದ 26ರ ಅವಧಿಯ ರಾಷ್ಟ್ರೀಯ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಹನ್ನೆರಡು ವಿಪತ್ತುಗಳಿದ್ದವು: ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಗಳ ದಾಳಿ, ಕೊನೆಗೆ ಹಿಮ ಮತ್ತು ಶೀತ ಅಲೆ. ಶೀತ ಅಲೆ ಇತ್ತು, ಉಷ್ಣ ಅಲೆ ಇರಲಿಲ್ಲ! ಬೆಳೆಗೆ ಬಿದ್ದ ಹುಳುವಿಗೂ ಜಾಗ ಇದ್ದ ಪಟ್ಟಿಯಲ್ಲಿ ಬಿಸಿಲಿಗೆ ಬಿದ್ದ ಹಮಾಲನಿಗೆ ಜಾಗ ಇರಲಿಲ್ಲ.

ನಾಲ್ಕನೇ ಮಾತು: "ದೇವರ ಚಿತ್ತ"

ಬಿಸಿಲ ಹೊಡೆತ ಪವಿತ್ರ ಗ್ರಂಥಕ್ಕೆ ಹೊಸದಲ್ಲ. ಯೂದಿತಳ ಗಂಡ ಮನಸ್ಸೆ ಜವೆಗೋದಿಯ ಸುಗ್ಗಿಯಲ್ಲಿ ಹೊಲದಲ್ಲಿ ನಿಂತಿದ್ದಾಗ ತಲೆಗೆ ಬಿಸಿಲು ಬಡಿದು ಹಾಸಿಗೆ ಹಿಡಿದು ಸತ್ತ. ಅರಸುಗಳು ಎರಡನೆಯ ಗ್ರಂಥದಲ್ಲಿ ಶೂನೇಮಿನ ತಾಯಿಯ ಮಗ ಕೊಯ್ಲಿನವರ ಹತ್ತಿರ ಹೋಗಿ ತಲೆ ನೋವೆಂದು ಕೂಗಿದ. ಮಧ್ಯಾಹ್ನದ ಹೊತ್ತಿಗೆ ತಾಯಿಯ ತೊಡೆಯ ಮೇಲೆ ಪ್ರಾಣ ಬಿಟ್ಟ. ಆ ತಾಯಿ ಏನು ಮಾಡಿದಳು? "ದೇವರ ಚಿತ್ತ" ಎಂದು ಅಳುತ್ತ ಕೂರಲಿಲ್ಲ. ಕತ್ತೆಗೆ ತಡಿ ಹಾಕಿಸಿ ಕರ್ಮೆಲ್ ಬೆಟ್ಟದ ತನಕ ಹೋಗಿ ಪ್ರವಾದಿ ಎಲೀಷನ ಕಾಲು ಹಿಡಿದಳು. ಎಲೀಷ ಮೊದಲು ತನ್ನ ಕೋಲು ಕೊಟ್ಟು ಸೇವಕ ಗೇಹಜಿಯನ್ನು ಕಳಿಸಿದ. ಕೋಲು ಮಗುವಿನ ಮುಖದ ಮೇಲೆ ಇಟ್ಟದ್ದಾಯಿತು, ಏನೂ ಆಗಲಿಲ್ಲ. ಪ್ರವಾದಿ ತಾನೇ ಬಂದು, ಬಾಗಿಲು ಮುಚ್ಚಿ, ಪ್ರಾರ್ಥಿಸಿ, ಆ ದೇಹದ ಮೇಲೆ ಬಾಗಿದಾಗ ಮಗು ಕಣ್ಣು ತೆರೆಯಿತು.

ನಮ್ಮ ಸರಕಾರಗಳು ಈಗ ಕಳಿಸುತ್ತಿರುವುದು ಗೇಹಜಿಯ ಕೋಲು. "ಮಧ್ಯಾಹ್ನ ಹೊರಗೆ ಹೋಗಬೇಡಿ, ನೀರು ಹೆಚ್ಚು ಕುಡಿಯಿರಿ" ಎಂಬ ಸೂಚನೆ. ಹೊರಗೆ ಹೋಗದಿದ್ದರೆ ಪಗಾರ ಯಾರು ಕೊಡುತ್ತಾರೆ, ನಾಲ್ಕು ದಿನ ಬಾರದ ನೀರನ್ನು ಹೆಚ್ಚು ಕುಡಿಯುವುದು ಹೇಗೆ ಎಂದು ಆ ಕಾಗದದಲ್ಲಿ ಇರುವುದಿಲ್ಲ. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ ಸಂಸ್ಥೆ 2023ರಲ್ಲಿ ದೇಶದ 37 ಬಿಸಿಲು ಕ್ರಿಯಾ ಯೋಜನೆಗಳನ್ನು ಓದಿ ನೋಡಿತು. ಹಣ ಎಲ್ಲಿಂದ ಬರುತ್ತದೆ ಎಂದು ಹೇಳಿದ್ದು ಅವುಗಳಲ್ಲಿ 11 ಮಾತ್ರ.

ದೇವರ ಚಿತ್ತ ಎನ್ನುವವರಿಗೆ ನಮ್ಮ ಪ್ರಶ್ನೆ ಇದು: ಮನುಷ್ಯರು ಕೈ ಹಾಕಿದ ಕಡೆ ದೇವರ ಚಿತ್ತ ಬದಲಾಯಿತೇ? 2003ರಲ್ಲಿ ಫ್ರಾನ್ಸ್‌ನಲ್ಲಿ ಬಿಸಿಗಾಳಿಗೆ ಸುಮಾರು 15,000 ಜನ ಸತ್ತರು. ಆಗಸ್ಟ್ ರಜೆಗೆ ಮಕ್ಕಳು ಊರು ಬಿಟ್ಟಿದ್ದರು, ಮುದುಕರು ಒಂಟಿಯಾಗಿದ್ದರು. ಮರುವರ್ಷವೇ ಆ ದೇಶ ಯೋಜನೆ ಮಾಡಿತು. ಒಂಟಿ ಹಿರಿಯರ ಹೆಸರನ್ನು ಊರಿನ ಕಚೇರಿಯಲ್ಲಿ ಬರೆದಿಟ್ಟುಕೊಂಡರು, ಬಿಸಿಲು ಏರಿದಾಗ ಫೋನ್ ಮಾಡಿದರು. 2006ರ ಜುಲೈನಲ್ಲಿ ಮತ್ತೆ ಬಿಸಿಗಾಳಿ ಬಂತು. ಹಳೆಯ ಲೆಕ್ಕದಂತೆ 6,400ಕ್ಕೂ ಹೆಚ್ಚು ಹೆಚ್ಚುವರಿ ಸಾವು ಆಗಬೇಕಿತ್ತು. ಆದದ್ದು ಸುಮಾರು 2,000.

ಶ್ರೀಮಂತ ದೇಶದ ಮಾತು ಬಿಡಿ ಎನ್ನುತ್ತೀರಾ? ನಮ್ಮ ಅಹಮದಾಬಾದ್ ನೋಡಿ. 2010ರ ಮೇ ತಿಂಗಳಲ್ಲಿ ಅಲ್ಲಿ ಎಂದಿಗಿಂತ 1,344 ಸಾವು ಹೆಚ್ಚಾದವು. 2013ರಲ್ಲಿ ನಗರಪಾಲಿಕೆ ಕ್ರಿಯಾ ಯೋಜನೆ ತಂದಿತು: ಮುನ್ನೆಚ್ಚರಿಕೆ, ಆಸ್ಪತ್ರೆಯವರಿಗೆ ತರಬೇತಿ, ಕುಡಿಯುವ ನೀರು, ಆಮೇಲೆ ಬಡವರ ಮಾಳಿಗೆಗೆ ಸುಣ್ಣ. ನಂತರದ ಅಧ್ಯಯನ ವರ್ಷಕ್ಕೆ ಸುಮಾರು 1,190 ಸಾವು ತಪ್ಪಿದವು ಎಂದಿತು. ಒಡಿಶಾದಲ್ಲಿ 1998ರಲ್ಲಿ 2,042 ಜನ ಬಿಸಿಲಿಗೆ ಸತ್ತ ಮೇಲೆ ಆ ಬಡ ರಾಜ್ಯ ಬಿಸಿಲನ್ನು ವಿಪತ್ತು ಎಂದು ಒಪ್ಪಿ, ಕೆಲಸದ ಹೊತ್ತು ಬದಲಿಸಿ, ಊರೂರಲ್ಲಿ ನೀರಿನ ಅರವಟ್ಟಿಗೆ ಇಟ್ಟಿತು. ಹಣಕ್ಕಿಂತ ಮೊದಲು ಮನಸ್ಸು ಬೇಕಾಗಿತ್ತು.

ಗಡಿಯ ಈಚೆ, ಗಡಿಯ ಆಚೆ

ಅಕ್ಕಲಕೋಟೆ ತಾಲೂಕಿನ ನಾಗಣಸೂರ, ತೋಳನೂರ, ಮೈಂದರ್ಗಿ, ದುಧನಿಯ ಜನಕ್ಕೆ ಗಡಿ ಎಂದರೆ ಹೊಲದ ಬದು. ಆಚೆ ಅಫಜಲಪುರ, ಆಳಂದ. ಅದೇ ಕಪ್ಪು ಮಣ್ಣು, ಅದೇ ತೊಗರಿ, ಅದೇ ಕನ್ನಡ, ಅದೇ ಸುಡುವ ಗಾಳಿ. ಕರ್ನಾಟಕ ಸರಕಾರ ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರಕಾರಿ ಕಚೇರಿಯ ಹೊತ್ತನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ಒಳ್ಳೆಯದು. ಬಿಸಿಲಿಗೆ ತಕ್ಕಂತೆ ಗಡಿಯಾರ ತಿರುಗಿಸಬಹುದು ಎಂದು ಇದರಿಂದಲೇ ಸಾಬೀತಾಯಿತು. ಆದರೆ ನೋಡಿ, ಮೊದಲ ನೆರಳು ಸಿಕ್ಕಿದ್ದು ಆಗಲೇ ನೆರಳಲ್ಲಿ ಕೂತವರಿಗೆ. ರಸ್ತೆಗೆ ಡಾಂಬರು ಹಾಕುವವರಿಗೆ, ಇಟ್ಟಿಗೆ ಭಟ್ಟಿಯವರಿಗೆ, ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುವ ಹಮಾಲರಿಗೆ ಗಡಿಯ ಎರಡೂ ಕಡೆ ಅದೇ ಮಧ್ಯಾಹ್ನ. ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲಲ್ಲಿ ಕೂಲಿಗಳನ್ನು ದುಡಿಸಬಾರದು ಎಂಬ ಆದೇಶ ಇದೆ. ಅಲ್ಲೂ ಕದ್ದು ದುಡಿಸುವವರಿದ್ದಾರೆ. ಆದರೆ ಕದ್ದು ಎನ್ನಲು ಒಂದು ಕಾನೂನಾದರೂ ಇದೆ.

ಭಾಷೆಯೂ ಒಂದು ನೆರಳು. ಎಚ್ಚರಿಕೆಯ ಸಂದೇಶ ಮೊಬೈಲಿಗೆ ಬರುವುದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ. ಕನ್ನಡವಷ್ಟೇ ಬಲ್ಲ ನಮ್ಮ ಹಳ್ಳಿಯ ಆಯಿಗೆ ಅದು ಟಿಂಗ್ ಎಂಬ ಸದ್ದು ಮಾತ್ರ. ಜೀವ ಉಳಿಸುವ ಮಾತನ್ನು ಅವರ ಮಾತಿನಲ್ಲಿ ಹೇಳುವುದು ಭಾಷಾ ರಾಜಕೀಯ ಅಲ್ಲ, ಆರೋಗ್ಯ ಇಲಾಖೆಯ ಕರ್ತವ್ಯ.

ಒಳ್ಳೆಯ ಉದಾಹರಣೆಯೂ ನಮ್ಮ ಕಣ್ಣೆದುರು ಇದೆ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯ ಕುಂಭಾರಿಯಲ್ಲಿ ಬೀಡಿ ಕಾರ್ಮಿಕರು, ನೇಕಾರರು, ಚಿಂದಿ ಆಯುವವರು ವರ್ಷಗಟ್ಟಲೆ ಹೋರಾಡಿ ಪಕ್ಕಾ ಮನೆ ಪಡೆದರು. ಅಲ್ಲಿನ ರೇ ನಗರದ 30,000 ಮನೆಗಳ ಯೋಜನೆಯಲ್ಲಿ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿಯವರು ಬಂದು ಹಸ್ತಾಂತರಿಸಿದರು. ಹಿಂದೆ ನಿಂತು ಸಂಘಟಿಸಿದವರು ಮಾಜಿ ಶಾಸಕ ನರಸಯ್ಯ ಆಡಂ ಮತ್ತು ಕೆಂಬಾವುಟದ ಕಾರ್ಮಿಕ ಸಂಘ. ಅವರ ರಾಜಕೀಯ ಒಪ್ಪುವುದು ಬಿಡುವುದು ಬೇರೆ ಮಾತು. ಕೇಳಿದ್ದರಿಂದ ಸಿಕ್ಕಿತು, ಒಟ್ಟಾಗಿ ಕೇಳಿದ್ದರಿಂದ ಸಿಕ್ಕಿತು ಎಂಬುದನ್ನು ಮಾತ್ರ ಮರೆಯಬಾರದು.

ನಾವು ಕೇಳುವುದು, ನಾವು ಮಾಡುವುದು

ಇದೆಲ್ಲ ರಾಜಕೀಯ, ಯುವಕರು ಪ್ರಾರ್ಥನೆ ಮಾಡಿಕೊಂಡಿರಲಿ ಎನ್ನುವ ಹಿರಿಯರೂ ಇದ್ದಾರೆ. ಅವರಿಗೆ ಗೌರವದಿಂದಲೇ ಹೇಳುತ್ತೇವೆ: ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಅಂತಿಮ ತೀರ್ಪಿನ ಪ್ರಶ್ನೆಪತ್ರಿಕೆ ಮೊದಲೇ ಬಹಿರಂಗವಾಗಿದೆ. ಅದರಲ್ಲಿ ನೀರಿನ ಪ್ರಶ್ನೆ ಇದೆ.

ಪಾಲಿಕೆಗೆ: ಏಪ್ರಿಲ್, ಮೇ ತಿಂಗಳಲ್ಲಿ ಬೀಡಿ ಮತ್ತು ನೇಕಾರರ ಗಲ್ಲಿಗಳಿಗೆ ದಿನವೂ ಕುಡಿಯುವ ನೀರು ಕೊಡಿ, ಟ್ಯಾಂಕರ್ ಕಳಿಸಿಯಾದರೂ ಸರಿ. ಮಾಳಿಗೆಗೆ ಸುಣ್ಣ ಹಚ್ಚಲು ಹಣ ಇಡಿ. ಸುಣ್ಣ ಒಳಗಿನ ಶಾಖವನ್ನು 2ರಿಂದ 5 ಡಿಗ್ರಿ ತಗ್ಗಿಸುತ್ತದೆ. ಎಚ್ಚರಿಕೆಯನ್ನು ಮರಾಠಿ, ತೆಲುಗು, ಉರ್ದು, ಕನ್ನಡ ನಾಲ್ಕರಲ್ಲೂ ಸಾರಿ.

ಮಾಲೀಕರಿಗೆ, ಗುತ್ತಿಗೆದಾರರಿಗೆ: ಮಧ್ಯಾಹ್ನ 12ರಿಂದ 4 ಕೆಲಸ ನಿಲ್ಲಿಸಿ, ಆದರೆ ಆ ಹೊತ್ತಿನ ಪಗಾರ ಕಡಿಯಬೇಡಿ. ಪಗಾರ ಕಡಿದು ಕೊಡುವ ವಿಶ್ರಾಂತಿ ಹಸಿವಿನ ಇನ್ನೊಂದು ಹೆಸರು. ನಮ್ಮ ಧರ್ಮಕೇಂದ್ರದಲ್ಲೂ ಮನೆ ಕಟ್ಟಿಸುವವರು, ಅಂಗಡಿ ನಡೆಸುವವರು, ಮನೆಗೆಲಸದವರನ್ನು ಇಟ್ಟುಕೊಂಡವರು ಇದ್ದಾರೆ. ಈ ಮಾತು ಅವರಿಗೂ ಸೇರಿದೆ.

ಧರ್ಮಕೇಂದ್ರಕ್ಕೆ: ಬೇಸಿಗೆಯಲ್ಲಿ ಬೆಳಿಗ್ಗೆ 11ರಿಂದ ಸಂಜೆ 5ರ ತನಕ ಸಭಾಂಗಣದ ಬಾಗಿಲು ತೆರೆದಿರಲಿ. ಫ್ಯಾನು, ಚಾಪೆ, ಗಡಿಗೆ ನೀರು ಸಾಕು. ಯಾರು ಯಾವ ಧರ್ಮ ಎಂದು ಕೇಳುವುದು ಬೇಡ. ಶುಭ ಶುಕ್ರವಾರದ ಶಿಲುಬೆ ಹಾದಿ, ಹಬ್ಬದ ಮೆರವಣಿಗೆ, ಮೇ ತಿಂಗಳ ಮದುವೆಗಳನ್ನು ಬೆಳಗಿನ ತಂಪಿಗೋ ಸಂಜೆಗೋ ಇಡೋಣ.

ಯುವಜನರಿಗೆ, ಅಂದರೆ ನಮಗೇ, ನಾಲ್ಕು ಕೆಲಸ.

ಒಂದು, ಪಟ್ಟಿ. ಪ್ರತಿ ಕಿರು ಕ್ರೈಸ್ತ ಸಮುದಾಯದಲ್ಲಿ ಒಂಟಿ ಹಿರಿಯರು, ಹಾಸಿಗೆ ಹಿಡಿದವರು, ಬಾಣಂತಿಯರು ಯಾರು ಎಂದು ಮಾರ್ಚ್‌ನಲ್ಲೇ ಬರೆದಿಡೋಣ. ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳ ಹಿರಿಯರೂ ಆ ಪಟ್ಟಿಯಲ್ಲಿರಲಿ. ಬಿಸಿಲು 42 ದಾಟಿದ ದಿನ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಬಾಗಿಲು ತಟ್ಟಬೇಕು. ಫೋನ್ ಸಾಲದು, ಕಣ್ಣಿಂದ ನೋಡಬೇಕು.

ಎರಡು, ಮಾಳಿಗೆ. ತಪಸ್ಸುಕಾಲದ ಎರಡು ಶನಿವಾರ ಸ್ಲ್ಯಾಬಿಗೆ ಸುಣ್ಣ, ಪತ್ರಾಕ್ಕೆ ಬಿಳಿ ಬಣ್ಣ. ಉಪವಾಸದಲ್ಲಿ ಉಳಿಸಿದ ಹಣಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಮೂರು, ಪ್ರಥಮ ಚಿಕಿತ್ಸೆ. ಬಿಸಿಲಿಗೆ ಬಿದ್ದವರು ತಡವರಿಸಿ ಮಾತಾಡಿದರೆ, ಮೈ ಕೆಂಡದಂತೆ ಸುಟ್ಟರೆ, ಎಚ್ಚರ ತಪ್ಪಿದರೆ ಅದು ಬರೀ ಸುಸ್ತಲ್ಲ. ಕೂಡಲೇ 108ಕ್ಕೆ ಫೋನ್. ಗಾಡಿ ಬರುವ ತನಕ ಕಾಯುತ್ತ ನಿಲ್ಲಬಾರದು: ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು, ಬೀಸಣಿಗೆಯಿಂದ ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಅಥವಾ ಒದ್ದೆ ಬಟ್ಟೆ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ನಾಲ್ಕು, ಲೆಕ್ಕ. ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಸಾವಾದರೆ ಅಂದಿನ ಉಷ್ಣತೆ ಎಷ್ಟು, ಮನೆ ಎಂಥದು, ಕರೆಂಟು ಇತ್ತೋ ಇಲ್ಲವೋ ಎಂದು ಮನೆಯವರ ಒಪ್ಪಿಗೆ ಪಡೆದು ಬರೆದಿಡೋಣ. ಬಿಸಿಲು ಕಾರಣವಾಗಿದ್ದರೆ ಹಾಗೆಂದು ಬರೆಯಲು ಡಾಕ್ಟರರನ್ನು ಕೇಳೋಣ. ನಾಳೆ ವಾರ್ಡ್ ಸಭೆಯಲ್ಲಿ "ಯಾರ ಸತ್ತಾರ?" ಎಂದು ಯಾರಾದರೂ ಕೇಳಿದರೆ ಆ ಪುಸ್ತಕ ಮೇಜಿನ ಮೇಲೆ ಇಡಬೇಕು.

2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯ ನೋವನ್ನೂ ಬಡವರ ನೋವನ್ನೂ ಬೇರೆ ಬೇರೆ ಮಾಡಿ ನೋಡಬಾರದು ಎಂದು ಕಲಿಸಿದರು. ನಮ್ಮ ಊರಲ್ಲಿ ಆ ಎರಡು ನೋವು ಕೂಡುವ ಜಾಗ ಪತ್ರಾದ ಮಾಳಿಗೆಯ ಕೆಳಗೆ ಇದೆ. ಈ ಭಾನುವಾರ ಬಲಿಪೂಜೆಯ ನಂತರ ಪಟ್ಟಿ ಬರೆಯಲು ಕೂರೋಣ. ನಿಮ್ಮ ಓಣಿಯ ಒಂಟಿ ಹಿರಿಯರ ಹೆಸರು, ಮನೆಯ ಗುರುತು ತಿಳಿದುಕೊಂಡು ಬನ್ನಿ. ಒಂದು ಪೆನ್ನು, ಒಂದು ವಹಿ ಸಾಕು.